ಬಿಡುಗಡೆಯಷ್ಟೇ ನ್ಯಾಯವಲ್ಲ

(ಕಾನೂನು ಅರಿವು ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಊರುಗಳಲ್ಲಿ ಯುವಕನೊಬ್ಬನನ್ನು ಪೊಲೀಸರು ಹಿಡಿದೊಯ್ದರೆ ಆ ಮನೆಗೆ ಏನಾಗುತ್ತದೆಂಬುದು ನಮಗೆಲ್ಲ ತಿಳಿದಿದೆ. ಮೊದಲ ದಿನ ಮನೆಯ ಮುಂದೆ ಜನ ಸೇರುತ್ತಾರೆ. ಎರಡನೆಯ ದಿನ ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ. ಮೂರನೆಯ ದಿನದಿಂದ ಆ ಬಾಗಿಲಿಗೆ ಯಾರೂ ಬರುವುದಿಲ್ಲ. ಬಾಡಿಗೆ ಮನೆಯಾದರೆ ಖಾಲಿ ಮಾಡಿರೆಂಬ ಸೂಚನೆ ಬರುತ್ತದೆ. ತಂಗಿಗೆ ಬಂದ ಸಂಬಂಧ ಮುರಿದು ಬೀಳುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಬಳಿಕ, ಈತ ನಿರಪರಾಧಿ ಎಂದು ನ್ಯಾಯಾಲಯ ಹೇಳಿದಾಗ, ಹಿರಿಯರೆಲ್ಲರ ಬಾಯಲ್ಲಿ ಒಂದೇ ಮಾತು: "ಬಂದನಲ್ಲ, ಅಷ್ಟು ಸಾಕು. ಇನ್ನು ಸುಮ್ಮನಿರಿ."

ಈ 'ಅಷ್ಟು ಸಾಕು' ಎಂಬ ಮಾತಿನ ಬಗ್ಗೆಯೇ ಇಂದು ನಾವು ಮಾತನಾಡಬೇಕೆಂದಿದ್ದೇವೆ. ಬಿಡುಗಡೆಯೆಂಬುದು ನ್ಯಾಯದ ಒಂದು ಭಾಗ ಮಾತ್ರ. ಕಳೆದುಹೋದ ಗೌರವವನ್ನು, ದುಡಿಮೆಯನ್ನು, ವಯಸ್ಸನ್ನು ಯಾರು ಹಿಂತಿರುಗಿಸಬೇಕು? ತಪ್ಪು ಮಾಡಿದ ಅಧಿಕಾರಿ ಉತ್ತರಿಸಬೇಕೇ ಬೇಡವೇ? ಇದನ್ನು ಕೇಳುವ ಹಕ್ಕು ನಮಗಿದೆ. ಆದರೆ ಆ ಹಕ್ಕಿಗೆ ಎರಡು ಷರತ್ತುಗಳಿವೆ. ಒಂದು, ಕಾಗದ ಪತ್ರ ಇರಬೇಕು. ಇನ್ನೊಂದು, ಕಾಲ ಮೀರಬಾರದು. ನಮ್ಮ ಕುಟುಂಬಗಳು ಸೋಲುತ್ತಿರುವುದು ಹೆಚ್ಚಾಗಿ ಈ ಎರಡರಲ್ಲಿಯೇ.

ತಪ್ಪು ಬಂಧನವೆಂದರೆ ಯಾವುದು?

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಬಂಧಿತರೆಲ್ಲರೂ ನಿರಪರಾಧಿಗಳೆಂದು ನಾವು ಹೇಳುತ್ತಿಲ್ಲ. ಅಪರಾಧ ಎಸಗಿದವನು ನಮ್ಮವನೇ ಆಗಿದ್ದರೂ ಕಾನೂನಿನ ಮುಂದೆ ನಿಲ್ಲಲೇಬೇಕು. ಪೊಲೀಸರಿಲ್ಲದೆ ಯಾವ ಊರೂ ನೆಮ್ಮದಿಯಿಂದ ಬಾಳಲಾರದು. ನಮ್ಮ ತಕರಾರು ಕಾನೂನಿನೊಂದಿಗಲ್ಲ, ಕಾನೂನನ್ನು ಮೀರಿದ ಬಂಧನದೊಂದಿಗೆ.

ಅಂತಹ ಬಂಧನದಲ್ಲಿ ಮೂರು ಬಗೆಗಳಿವೆ. ಅಗತ್ಯವೇ ಇಲ್ಲದಿದ್ದರೂ ಬಂಧಿಸುವುದು ಮೊದಲನೆಯದು. ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಮರ್ಥನೆ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟು 1994ರ ಜೋಗಿಂದರ್ ಕುಮಾರ್ ಪ್ರಕರಣದಲ್ಲಿಯೇ ಹೇಳಿದೆ. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಮೊದಲು ಹಾಜರಾಗಲು ನೋಟಿಸು ನೀಡುವುದನ್ನು ಪರಿಗಣಿಸಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಎರಡನೆಯದು, ಕಾನೂನು ವಿಧಿಸಿದ ಕ್ರಮವನ್ನು ಪಾಲಿಸದೆ ಬಂಧಿಸುವುದು. ಮೂರನೆಯದು, ಸಂಬಂಧವೇ ಇಲ್ಲದವನನ್ನು, ಹೆಸರಿನ ಗೊಂದಲದಿಂದಲೋ ಕೃತಕ ಸಾಕ್ಷ್ಯದಿಂದಲೋ ಸಿಲುಕಿಸುವುದು. ಪ್ರತಿಯೊಂದಕ್ಕೂ ಪರಿಹಾರದ ದಾರಿ ಬೇರೆ. ಆದ್ದರಿಂದ, ನಮ್ಮ ಮೇಲಾದದ್ದು ಯಾವುದೆಂಬುದನ್ನು ವಕೀಲರೊಂದಿಗೆ ಕುಳಿತು ಮೊದಲು ನಿಶ್ಚಯಿಸಿಕೊಳ್ಳಬೇಕು.

ಮೊದಲ ದಿನದ ಕೆಲಸ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾಗಿದೆಯಾದರೂ ಬಂಧಿತನ ಮೂಲ ಹಕ್ಕುಗಳು ಬದಲಾಗಿಲ್ಲ. ಅವು ಸಂವಿಧಾನದ 20, 21 ಮತ್ತು 22ನೆಯ ವಿಧಿಗಳಿಂದ ಬಂದಿರುವ ಹಕ್ಕುಗಳು.

ಬಂಧನದ ಕಾರಣವನ್ನು ತಿಳಿಸಲೇಬೇಕು. ಅದು ಬರಹದಲ್ಲಿರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹಣ ಅಕ್ರಮ ವರ್ಗಾವಣೆ ಪ್ರಕರಣದಲ್ಲಿಯೂ 2024ರಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯ ಪ್ರಕರಣದಲ್ಲಿಯೂ ಹೇಳಿತು. 2025ರ ನವೆಂಬರಿನಲ್ಲಿ ಅದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕಿಂತ ಕನಿಷ್ಠ ಎರಡು ಗಂಟೆ ಮೊದಲು ಆ ಬರಹ ಅವನ ಕೈ ಸೇರಬೇಕು. ಸೇರದಿದ್ದರೆ ಬಂಧನವೇ ಅಕ್ರಮವಾಗುತ್ತದೆ.

ದಸ್ತಗಿರಿ ಮೆಮೊ ಎಂಬ ದಾಖಲೆಯನ್ನು ಸ್ಥಳದಲ್ಲಿಯೇ ಬರೆಯಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಆ ಬಡಾವಣೆಯ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಬೇಕು, ಬಂಧಿತನ ಸಹಿಯೂ ಬೇಕು. ಎಲ್ಲಿ ಇರಿಸಿದ್ದಾರೆಂಬುದನ್ನು ಮನೆಯವರಿಗೆ ತಿಳಿಸಬೇಕು. ವೈದ್ಯಕೀಯ ತಪಾಸಣೆ ನಡೆಸಿ ವರದಿಯ ಪ್ರತಿಯನ್ನು ಕೊಡಬೇಕು. ವಿಚಾರಣೆಯ ವೇಳೆ, ಇಡೀ ಅವಧಿಗಲ್ಲದಿದ್ದರೂ, ವಕೀಲರನ್ನು ಭೇಟಿಯಾಗಲು ಅವಕಾಶವಿರಬೇಕು. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇವುಗಳಲ್ಲಿ ಹೆಚ್ಚಿನವು ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನೀಡಿದ ನಿರ್ದೇಶನಗಳಾಗಿದ್ದವು. ಇಂದು ಅವು ಕಾನೂನಿನ ಪುಸ್ತಕದಲ್ಲಿಯೇ ಇವೆ.

ನಮ್ಮ ತಾಯಂದಿರು ಮತ್ತು ಸಹೋದರಿಯರು ಇನ್ನೂ ಕೆಲವನ್ನು ನೆನಪಿಡಬೇಕು. ಅಸಾಧಾರಣ ಸಂದರ್ಭವನ್ನು ಬಿಟ್ಟು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅಂತಹ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಲಿಖಿತ ಪೂರ್ವಾನುಮತಿ ಇರಬೇಕು. ಸಾಕ್ಷಿಯ ವಿಚಾರಣೆಗೆಂದು ಮಹಿಳೆಯರನ್ನು, 15 ವರ್ಷದೊಳಗಿನ ಮತ್ತು 60 ವರ್ಷ ದಾಟಿದ ಪುರುಷರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. 18 ತುಂಬದ ಬಾಲಕನನ್ನು ಲಾಕಪ್ಪಿನಲ್ಲಿ ಇರಿಸುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಗನ ವಯಸ್ಸಿನ ಬಗ್ಗೆ ಸಂಶಯ ಬರುವಂತಿದ್ದರೆ ಶಾಲೆಯ ದಾಖಲೆಯನ್ನು ಅಂದೇ ವಕೀಲರಿಗೆ ತಲುಪಿಸಿರಿ.

ಸಹಿಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ದಸ್ತಗಿರಿ ಮೆಮೊಗೆ ಸಹಿ ಹಾಕಬೇಕು, ಆದರೆ ಓದಿ ಹಾಕಬೇಕು. ಅದರಲ್ಲಿರುವ ದಿನಾಂಕ ಮತ್ತು ಸಮಯ ಸರಿಯಾಗಿದೆಯೇ ಎಂದು ನೋಡಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಕಾಗಿಲ್ಲ. ಖಾಲಿ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬಾರದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಮಾನ್ಯ ಕಾನೂನಿನಡಿ ಸಾಕ್ಷ್ಯವಾಗುವುದಿಲ್ಲ.

ಪೊಲೀಸರು ಬಂಧನವನ್ನೇ ಒಪ್ಪಿಕೊಳ್ಳದಿದ್ದರೆ? ಆಗ ಠಾಣೆಯ ಬಾಗಿಲಲ್ಲಿ ಗುಂಪು ಕೂಡಿ ಕೂಗಾಡುವುದರಿಂದ ಪ್ರಯೋಜನವಿಲ್ಲ. ಅದು ಇನ್ನೂ ಹತ್ತು ಯುವಕರ ಮೇಲೆ ಮೊಕದ್ದಮೆ ತರುತ್ತದೆ, ಅಷ್ಟೇ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಮ್ಯಾಜಿಸ್ಟ್ರೇಟರಿಗೂ ಅಂದೇ ಲಿಖಿತ ಮನವಿ ಕಳುಹಿಸಿರಿ. ಯಾರು, ಎಷ್ಟು ಹೊತ್ತಿಗೆ, ಯಾವ ವಾಹನದಲ್ಲಿ ಕರೆದೊಯ್ದರು, ಯಾರು ಕಂಡರು ಎಂಬುದೆಲ್ಲ ಅದರಲ್ಲಿರಲಿ. ಸ್ಪೀಡ್ ಪೋಸ್ಟಿನ ರಶೀದಿಯನ್ನೋ ಇ-ಮೇಲಿನ ಪ್ರತಿಯನ್ನೋ ಜೋಪಾನವಾಗಿಡಿರಿ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವಾಗ ಆ ರಶೀದಿಯೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಈ 24 ಗಂಟೆಯ ನಿಯಮವನ್ನು ನಾವು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಗುಲ್ಬರ್ಗದ ಒಂದು ಪ್ರಕರಣವೇ ಸಾಕ್ಷಿ. 1994ರ ಜನವರಿಯಲ್ಲಿ ಅಲ್ಲಿ ಫಾರ್ಮಸಿ ಕಲಿಯುತ್ತಿದ್ದ ಯುವಕನೊಬ್ಬನನ್ನು ಹೈದರಾಬಾದಿನ ಪೊಲೀಸರು ಹಿಡಿದೊಯ್ದರು. ನ್ಯಾಯಾಲಯದ ಮುಂದೆ ಹಾಜರುಪಡಿಸಿದ್ದು ಫೆಬ್ರವರಿಯ ಕೊನೆಯಲ್ಲಿ. ನಡುವಿನ ಆರು ವಾರಗಳಲ್ಲಿ ಮಗ ಎಲ್ಲಿದ್ದಾನೆಂಬುದು ಮನೆಯವರಿಗೆ ತಿಳಿದಿರಲಿಲ್ಲ. ಪೊಲೀಸ್ ವಶದಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಗಳನ್ನೇ ನಂಬಿ, ಆಗ ಜಾರಿಯಲ್ಲಿದ್ದ ಟಾಡಾ ಕಾಯಿದೆಯಡಿ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ 11ರಂದು ಸುಪ್ರೀಂ ಕೋರ್ಟು ಆತನನ್ನು ದೋಷಮುಕ್ತಗೊಳಿಸಿತು. ಹೊರಬಂದಾಗ ಸೆರೆಯಲ್ಲಿ 23ನೆಯ ವರ್ಷ ನಡೆಯುತ್ತಿತ್ತು. ಮೊದಲ ಆರು ವಾರಗಳ ಕತ್ತಲೆಯಲ್ಲಿ ಆದದ್ದನ್ನು ಸರಿಪಡಿಸಲು ಎರಡು ದಶಕಗಳು ಹಿಡಿದವು.

ಮ್ಯಾಜಿಸ್ಟ್ರೇಟರ ಮುಂದೆ

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಆ ಕೆಲವು ನಿಮಿಷಗಳು ಬಹಳ ಮುಖ್ಯವಾದವು. "ಹೊಡೆದರೇ?" ಎಂದು ಅವರು ಕೇಳಿದಾಗ ಭಯದಿಂದ "ಇಲ್ಲ" ಎಂದರೆ, ಮುಂದೆ ಎಲ್ಲಿ ಹೋದರೂ ಆ 'ಇಲ್ಲ' ಹಿಂಬಾಲಿಸುತ್ತದೆ. ಹೊಡೆದಿದ್ದರೆ ಹೇಳಬೇಕು, ಗಾಯವನ್ನು ತೋರಿಸಬೇಕು, ದಾಖಲಿಸಿಕೊಳ್ಳುವಂತೆ ವಕೀಲರ ಮೂಲಕ ಕೋರಬೇಕು. ನಿಜವಾಗಿ ಬಂಧಿಸಿದ ದಿನಾಂಕ ಬೇರೆಯಾಗಿದ್ದರೆ ಅದನ್ನೂ ಹೇಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಹಾಗೆಯೇ ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು. 15100 ಸಂಖ್ಯೆಗೆ ಕರೆ ಮಾಡಬಹುದು.

ದಿನಗಳನ್ನು ಎಣಿಸುತ್ತಿರಬೇಕು. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಯಡಿ ಈ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಲು ಅವಕಾಶವಿದೆ. ಆದರೆ ಈ ಜಾಮೀನು ತಾನಾಗಿ ಬರುವುದಿಲ್ಲ. ಅವಧಿ ಮುಗಿದೊಡನೆ, ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಬೇಕು. ಒಂದು ದಿನದ ಆಲಸ್ಯ ಆ ಹಕ್ಕನ್ನೇ ಕಳೆಯಬಲ್ಲದು. ಮೊಕದ್ದಮೆಯಲ್ಲಿ ಹುರುಳಿಲ್ಲವೆಂದಾದರೆ ಅದನ್ನು ರದ್ದುಪಡಿಸುವಂತೆ ಹೈಕೋರ್ಟನ್ನು ಕೋರಬಹುದು, ಅಥವಾ ವಿಚಾರಣೆ ಆರಂಭವಾಗುವ ಮೊದಲು ತನ್ನನ್ನು ಕೈಬಿಡುವಂತೆ ವಿಚಾರಣಾ ನ್ಯಾಯಾಲಯವನ್ನೇ ಕೋರಬಹುದು.

ಹೊರಬಂದ ಮೇಲೆ

ಇನ್ನು ನಾವು 'ಅಷ್ಟು ಸಾಕು' ಎನ್ನುವ ಹಂತಕ್ಕೆ ಬರೋಣ. ಇಲ್ಲಿ ನಮ್ಮ ಮುಂದೆ ನಾಲ್ಕು ದಾರಿಗಳಿವೆ.

ಮೊದಲನೆಯದು ಮಾನವ ಹಕ್ಕುಗಳ ಆಯೋಗ. ರಾಜ್ಯ ಆಯೋಗಕ್ಕಾಗಲಿ ರಾಷ್ಟ್ರೀಯ ಆಯೋಗಕ್ಕಾಗಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆಯೂ ದೂರು ಸಲ್ಲಿಸಬಹುದು. ಘಟನೆ ನಡೆದ ಒಂದು ವರ್ಷದೊಳಗೆ ಸಲ್ಲಿಸಬೇಕು. ಆಯೋಗ ನೀಡುವುದು ಶಿಫಾರಸು ಮಾತ್ರ ಎಂಬುದು ನಿಜ. ಆದರೂ ಅದು ನಿಷ್ಪ್ರಯೋಜಕವಲ್ಲ. ಸುಳ್ಳು ಗೂಢಚರ್ಯೆಯ ಆರೋಪದಲ್ಲಿ 1994ರಲ್ಲಿ ಬಂಧಿತರಾದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಮೊದಲು ಹೋದದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ. 2001ರಲ್ಲಿ ಆಯೋಗ 10 ಲಕ್ಷ ರೂಪಾಯಿಯ ಮಧ್ಯಂತರ ಪರಿಹಾರ ಸೂಚಿಸಿತು. 2018ರಲ್ಲಿ ಸುಪ್ರೀಂ ಕೋರ್ಟು 50 ಲಕ್ಷ ರೂಪಾಯಿ ಪರಿಹಾರ ವಿಧಿಸಿತಲ್ಲದೆ, ತಪ್ಪೆಸಗಿದ ಅಧಿಕಾರಿಗಳ ಬಗ್ಗೆ ಪರಿಶೀಲಿಸಲು ಸಮಿತಿಯನ್ನೂ ನೇಮಿಸಿತು. ಕಾಗದಗಳನ್ನು ಕೈಬಿಡದೆ 24 ವರ್ಷ ಹೋರಾಡಿದವರಿಗೆ ದೊರೆತ ಫಲವಿದು.

ಎರಡನೆಯದು, ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರಕಾರವೇ ಪರಿಹಾರ ತೆರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1983ರ ರುದುಲ್ ಸಾಹ್ ಪ್ರಕರಣದಲ್ಲಿ ಸ್ಥಾಪಿಸಿತು. ಬಿಹಾರದ ಆ ವ್ಯಕ್ತಿ 1968ರಲ್ಲಿ ದೋಷಮುಕ್ತನಾದ ಮೇಲೂ 14 ವರ್ಷ ಜೈಲಿನಲ್ಲಿದ್ದ! ನಮ್ಮ ರಾಜ್ಯದಲ್ಲಿಯೂ ಉದಾಹರಣೆಗಳಿವೆ. ವಾರಂಟು ಒಬ್ಬನ ಮೇಲೆ, ಬಂಧನ ಇನ್ನೊಬ್ಬನದು, ಇಬ್ಬರ ತಂದೆಯ ಹೆಸರು ಒಂದೇ ಎಂಬುದಷ್ಟೇ ಕಾರಣ. 2022ರಲ್ಲಿ ಕರ್ನಾಟಕ ಹೈಕೋರ್ಟು ಆ ವ್ಯಕ್ತಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದೇ ವರ್ಷ, ಕಾರಣವಿಲ್ಲದೆ ಕೈಗೆ ಬೇಡಿ ತೊಡಿಸಲ್ಪಟ್ಟ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಕೊಡಿಸಿತು.

ಮೂರನೆಯದು, ಸಿವಿಲ್ ದಾವೆ. ಅಕ್ರಮ ಬಂಧನಕ್ಕೂ ದುರುದ್ದೇಶದ ಮೊಕದ್ದಮೆಗೂ ನಷ್ಟ ಪರಿಹಾರ ಕೇಳಬಹುದು. ಆದರೆ ಇಲ್ಲಿಯೂ ಕಾಲಮಿತಿ ಒಂದೇ ವರ್ಷ. ಮೊದಲನೆಯದಕ್ಕೆ ಬಂಧನ ಕೊನೆಗೊಂಡ ದಿನದಿಂದ, ಎರಡನೆಯದಕ್ಕೆ ಮೊಕದ್ದಮೆ ಮುಗಿದ ದಿನದಿಂದ. ಸರಕಾರದ ಮೇಲೆ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸು ನೀಡಬೇಕು. ದೋಷಮುಕ್ತಿಯ ಆದೇಶವೊಂದೇ ಸಾಲದು, ಸಕಾರಣವಿಲ್ಲದೆ, ದುರುದ್ದೇಶದಿಂದ ಮೊಕದ್ದಮೆ ಹೂಡಿದ್ದರೆಂದು ಸಾಬೀತುಪಡಿಸಬೇಕು.

ನಾಲ್ಕನೆಯದು, ತಪ್ಪಿತಸ್ಥ ಅಧಿಕಾರಿಯ ಮೇಲೆ ಕ್ರಮ. ಕರ್ನಾಟಕದಲ್ಲಿ 2012ರ ಪೊಲೀಸ್ ತಿದ್ದುಪಡಿ ಕಾಯಿದೆ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿದೆ. ಹೊಡೆದು ತಪ್ಪೊಪ್ಪಿಗೆ ಪಡೆಯುವುದು, ಸುಳ್ಳು ದಾಖಲೆ ಸೃಷ್ಟಿಸುವುದು, ಕಾನೂನಿಗೆ ವಿರುದ್ಧವೆಂದು ತಿಳಿದೂ ಬಂಧನದಲ್ಲಿರಿಸುವುದು, ಇವೆಲ್ಲ ಅಪರಾಧಗಳು. ಮ್ಯಾಜಿಸ್ಟ್ರೇಟರಿಗೆ ದೂರು ನೀಡಬಹುದು. ಸರಕಾರದ ಪೂರ್ವಾನುಮತಿಯ ಪ್ರಶ್ನೆ ಇಲ್ಲಿ ಎದುರಾಗುವುದರಿಂದ ಅನುಭವಿ ವಕೀಲರ ಸಲಹೆ ಅಗತ್ಯ.

ಎಲ್ಲ ಕಡೆಯೂ 'ಒಂದು ವರ್ಷ' ಎಂಬ ಮಾತು ಹೇಗೆ ಮರುಕಳಿಸುತ್ತಿದೆಯೆಂಬುದನ್ನು ಗಮನಿಸಿರಿ. ಠಾಣೆಯ ಸಿಸಿಟಿವಿ ದೃಶ್ಯಗಳನ್ನೂ 18 ತಿಂಗಳು, ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ನಿರ್ದೇಶಿಸಿದೆ. ಅವನ್ನು ಕಾಯ್ದಿರಿಸುವಂತೆ ತಕ್ಷಣವೇ ಅರ್ಜಿ ಹಾಕಬೇಕು. ನಾವು ಯಾವ ವರ್ಷವನ್ನು 'ಸುಮ್ಮನಿರಿ' ಎನ್ನುತ್ತಾ ಕಳೆಯುತ್ತೇವೆಯೋ ಆ ವರ್ಷವೇ ಕಾನೂನು ನಮಗೆ ಕೊಟ್ಟ ಕಾಲಾವಕಾಶ.

ಒಂದು ಉದಾಹರಣೆ

ಹಠ ಹಿಡಿದರೆ ಏನಾಗಬಲ್ಲದೆಂಬುದಕ್ಕೆ ಕನ್ನಡ ನಾಡಿನ ವೈದ್ಯ ಡಾ. ಮುಹಮ್ಮದ್ ಹನೀಫ್ ಅವರ ಪ್ರಕರಣವಿದೆ. ಬ್ರಿಟನಿನ ಗ್ಲಾಸ್ಗೋ ವಿಮಾನ ನಿಲ್ದಾಣದ ದಾಳಿಯ ಬೆನ್ನಿಗೆ, 2007ರ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಅವರನ್ನು ಬಂಧಿಸಲಾಯಿತು. ಹೆರಿಗೆಯಾಗಿದ್ದ ಪತ್ನಿಯನ್ನೂ ಮಗುವನ್ನೂ ನೋಡಲು ಅವರು ಬೆಂಗಳೂರಿಗೆ ಹೊರಟಿದ್ದರು. ಆರೋಪ ಹೊರಿಸದೆಯೇ 12 ದಿನ ಇರಿಸಿಕೊಂಡರು. ಬ್ರಿಟನ್ ಬಿಡುವಾಗ ಸಂಬಂಧಿಯೊಬ್ಬರಿಗೆ ಬಿಟ್ಟುಬಂದ ಸಿಮ್ ಕಾರ್ಡೇ ಆರೋಪಕ್ಕೆ ಆಧಾರ. ಆ ಸಿಮ್ ದಾಳಿಯ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಿಜವಾಗಿ ಅದು ಲಿವರ್‌ಪೂಲಿನಲ್ಲಿತ್ತು. ಜುಲೈ 16ರಂದು ಜಾಮೀನು ದೊರೆಯಿತು. ಕೆಲವೇ ಗಂಟೆಗಳಲ್ಲಿ ಸಚಿವರು ವೀಸಾ ರದ್ದುಪಡಿಸಿ ಮತ್ತೆ ಬಂಧನದಲ್ಲಿಟ್ಟರು.

ಅವರ ವಕೀಲರು ವಿಚಾರಣೆಯ ಲಿಖಿತ ಪ್ರತಿಯನ್ನೇ ಜನರ ಮುಂದಿಟ್ಟರು. ಜುಲೈ 27ರಂದು ಆರೋಪವನ್ನು ಹಿಂದೆಗೆದುಕೊಳ್ಳಲಾಯಿತು. ಎರಡು ದಿನಗಳಲ್ಲಿ ಅವರು ಬೆಂಗಳೂರಿಗೆ ಮರಳಿದರು. 'ಅಷ್ಟು ಸಾಕು' ಎಂದು ಅವರು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆಗಸ್ಟಿನಲ್ಲಿ ವೀಸಾ ರದ್ದತಿಯನ್ನು ಅಲ್ಲಿನ ನ್ಯಾಯಾಲಯ ತಳ್ಳಿಹಾಕಿತು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ 2008ರಲ್ಲಿ ಬಂದು, ಸಾಕ್ಷ್ಯ ಸಾಲದೆಯೇ ಆರೋಪ ಹೊರಿಸಲಾಗಿತ್ತೆಂಬುದನ್ನು ಬಯಲಿಗೆಳೆಯಿತು. 2010ರ ಡಿಸೆಂಬರಿನಲ್ಲಿ ಆ ದೇಶದ ಸರಕಾರ ಪರಿಹಾರ ನೀಡಿ ರಾಜಿ ಮಾಡಿಕೊಂಡಿತು. ಅವರ ಪರ ನಿಂತ ವಕೀಲರು ಅವರ ದೇಶದವರಲ್ಲ, ಅವರ ಧರ್ಮದವರೂ ಅಲ್ಲ. ನ್ಯಾಯ ಕೇಳುವವನ ಜೊತೆ ನಿಲ್ಲುವವರು ಎಲ್ಲ ಸಮುದಾಯಗಳಲ್ಲಿಯೂ ಇರುತ್ತಾರೆ. ಅವರನ್ನು ಹುಡುಕಿಕೊಂಡು ನಾವು ಹೋಗಬೇಕು.

ಕಾನೂನಿನ ಕೊರತೆ

ಎಲ್ಲರಿಗೂ ಪರಿಹಾರ ಸಿಕ್ಕೇ ಸಿಗುತ್ತದೆಂದು ಭರವಸೆ ನೀಡಿದರೆ ನಾವು ನಿಮ್ಮನ್ನು ವಂಚಿಸಿದಂತಾದೀತು. ಅಕ್ಷರಧಾಮ ದಾಳಿ ಪ್ರಕರಣದಲ್ಲಿ 2014ರ ಮೇ 16ರಂದು ಸುಪ್ರೀಂ ಕೋರ್ಟು ಆರು ಮಂದಿಯನ್ನು ದೋಷಮುಕ್ತಗೊಳಿಸಿತು. ಅವರಲ್ಲಿ ಮೂವರಿಗೆ ಗಲ್ಲು ಶಿಕ್ಷೆಯಾಗಿತ್ತು. ಪರಿಹಾರ ಕೇಳಿದಾಗ, ಅದು ಅಪಾಯಕಾರಿ ಮೇಲ್ಪಂಕ್ತಿಯಾದೀತೆಂದು 2016ರಲ್ಲಿ ಅದೇ ನ್ಯಾಯಾಲಯ ನಿರಾಕರಿಸಿತು. ಹೈದರಾಬಾದಿನ ಮಕ್ಕಾ ಮಸ್ಜಿದ್ ಸ್ಫೋಟದ ನಂತರ ಬಂಧಿತರಾಗಿ ನಿರಪರಾಧಿಗಳೆಂದು ಸಾಬೀತಾದ ಯುವಕರಿಗೆ ಆಂಧ್ರ ಸರಕಾರ 2012ರಲ್ಲಿ ಪರಿಹಾರ ನೀಡಿತು. 2013ರಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದುಪಡಿಸಿತು.

ಏಕೆ ಹೀಗೆ? ಪರಿಹಾರವನ್ನು ಹಕ್ಕಾಗಿ ನೀಡುವ ಕಾನೂನು ನಮ್ಮಲ್ಲಿಲ್ಲ. ಸಕಾರಣವಿಲ್ಲದೆ ಬಂಧನ ಮಾಡಿಸಿದವರಿಂದ ಕೊಡಿಸಬಹುದಾದ ಪರಿಹಾರ ಹೊಸ ಸಂಹಿತೆಯಲ್ಲಿಯೂ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ! 2018ರ ಆಗಸ್ಟಿನಲ್ಲಿ ಕಾನೂನು ಆಯೋಗ ತನ್ನ 277ನೆಯ ವರದಿಯಲ್ಲಿ, ತಪ್ಪು ಮೊಕದ್ದಮೆಗೆ ಒಳಗಾದವರಿಗೆ ಪರಿಹಾರ ನೀಡಲು ವಿಶೇಷ ನ್ಯಾಯಾಲಯಗಳಿರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಇನ್ನೂ ಕಾನೂನಾಗಿಲ್ಲ. ಮತ ಕೇಳಲು ಬರುವವರಲ್ಲಿ ನಾವು ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳಬೇಡವೇ? ಇದು ಒಂದು ಸಮುದಾಯದ ಬೇಡಿಕೆಯಲ್ಲ. ರುದುಲ್ ಸಾಹ್, ನಂಬಿ ನಾರಾಯಣನ್ ಮುಸ್ಲಿಮರಲ್ಲ. ದಲಿತ, ಆದಿವಾಸಿ, ಬಡವ, ಯಾರ ಮನೆಯ ಬಾಗಿಲನ್ನೂ ಈ ಅನ್ಯಾಯ ತಟ್ಟಬಲ್ಲದು.

ನಾವು ಮಾಡಬೇಕಾದುದು

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿಯೊಂದು ಊರಿನಲ್ಲಿ, ಕರೆದರೆ ರಾತ್ರಿಯೂ ಬರಬಲ್ಲ ಇಬ್ಬರು ವಕೀಲರ ಹೆಸರು ಎಲ್ಲ ಮನೆಗಳಲ್ಲಿಯೂ ಇರಲಿ. ಬಂಧನದ ದಿನದಿಂದಲೇ ಒಂದು ಕಡತ ತೆರೆಯಿರಿ. ದಸ್ತಗಿರಿ ಮೆಮೊ, ಎಫ್.ಐ.ಆರ್. ಪ್ರತಿ, ವೈದ್ಯಕೀಯ ವರದಿ, ರಿಮಾಂಡ್ ಆದೇಶ, ಮನವಿಗಳ ರಶೀದಿ, ಕಳೆದುಕೊಂಡ ಸಂಬಳದ ದಾಖಲೆ, ಪತ್ರಿಕಾ ವರದಿಗಳು, ಕೊನೆಗೆ ತೀರ್ಪಿನ ದೃಢೀಕೃತ ನಕಲು, ಎಲ್ಲವೂ ಅದರಲ್ಲಿರಲಿ. ಬಂಧನದ ಸುದ್ದಿಯನ್ನು ಮುಖಪುಟದಲ್ಲಿ ಛಾಪಿಸಿದ ಪತ್ರಿಕೆಗೆ ಬಿಡುಗಡೆಯ ತೀರ್ಪನ್ನೂ ಕಳುಹಿಸಿ, ಪ್ರಕಟಿಸುವಂತೆ ಲಿಖಿತವಾಗಿ ಕೇಳಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಮೂರನೆಯ ದಿನ ಆ ಮನೆಗೆ ಹೋಗಿರಿ. ಆರೋಪ ಸಾಬೀತಾಗುವವರೆಗೆ ಆತ ನಿರಪರಾಧಿ ಎಂಬುದು ನ್ಯಾಯಾಲಯಕ್ಕೆ ಮಾತ್ರ ಅನ್ವಯವಾಗುವ ನಿಯಮವಲ್ಲ, ನೆರೆಹೊರೆಗೂ ಅನ್ವಯವಾಗುತ್ತದೆ. ಪೊಲೀಸರು ಒಬ್ಬನನ್ನು ಬಂಧಿಸುತ್ತಾರೆ. ನಾವು ದೂರ ಸರಿದು ಅವನ ತಾಯಿಯನ್ನೂ ತಂಗಿಯನ್ನೂ ಮಕ್ಕಳನ್ನೂ ಬಂಧಿಸುತ್ತೇವೆ. ಆ ಬಂಧನಕ್ಕೆ ಯಾವ ನ್ಯಾಯಾಲಯದಲ್ಲಿಯೂ ಜಾಮೀನಿಲ್ಲ.

ಸಹನೆಯೆಂದರೆ ಮೌನವಲ್ಲ. ಪ್ರತೀಕಾರದ ಹಾದಿ ಹಿಡಿಯದೆ, ಬೀದಿಗಿಳಿಯದೆ, ಸರಿಯಾದ ಕಾಗದವನ್ನು ಹಿಡಿದು ಸರಿಯಾದ ಬಾಗಿಲನ್ನು ಕಾಲ ಮೀರುವ ಮೊದಲು ತಟ್ಟುವುದಕ್ಕೂ ಸಹನೆ ಬೇಕು. ಹಾಗೆ ತಟ್ಟಿದ ಒಂದೊಂದು ಪ್ರಕರಣವೂ ನಾಳೆ ಇನ್ನೊಬ್ಬನನ್ನು ಕಾರಣವಿಲ್ಲದೆ ಹಿಡಿಯಲು ಹೊರಟ ಅಧಿಕಾರಿಯನ್ನು ಒಂದು ಗಳಿಗೆ ಯೋಚಿಸುವಂತೆ ಮಾಡುತ್ತದೆ. ಆ ಒಂದು ಗಳಿಗೆಯ ಯೋಚನೆ ಯಾವ ಮನೆಯ ಮಗನನ್ನು ಉಳಿಸೀತೋ ನಾವು ಬಲ್ಲೆವೇ?